ಎಲ್‌ಕೆಜಿಗೆ ಸೇರಿಸುವ ಮುಂಚೆ ಕೋಣೆಯೊಳಗೆ ನೋಡಬೇಕಾದ್ದು

ಬೇಸಿಗೆ ರಜೆ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಇದೇ ಚರ್ಚೆ. ಮಗು ಅಂಗನವಾಡಿಯಲ್ಲೇ ಇರಲೋ, ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಹಾಕೋಣವೋ, ಪೇಟೆಯ ಕಾನ್ವೆಂಟ್ ವ್ಯಾನ್ ಹತ್ತಿಸೋಣವೋ? ಎಲ್ಲರೂ ಮೊದಲು ಕೇಳುವುದು ಇಂಗ್ಲಿಷ್ ಮೀಡಿಯಂ ಇದೆಯಾ ಎಂದು. ಆ ಕೋಣೆಯಲ್ಲಿ ಮಗು ದಿನಕ್ಕೆ ಎಷ್ಟು ಹೊತ್ತು ಬಾಯಿಬಿಟ್ಟು ಮಾತಾಡುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು.

ವಯಸ್ಸಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಜೂನ್ 1ಕ್ಕೆ 4 ತುಂಬಿದರೆ ಎಲ್‌ಕೆಜಿ, 5ಕ್ಕೆ ಯುಕೆಜಿ, 6ಕ್ಕೆ ಒಂದನೇ ಕ್ಲಾಸು. 2025-26ರ ಸಾಲಿಗೆ ಒಂದನೇ ಕ್ಲಾಸಿನ ಮಿತಿಯನ್ನು 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ಹಾಗಾಗಿ ಆಯಾ ವರ್ಷದ ಸುತ್ತೋಲೆಯನ್ನು ಹೆಡ್ ಮಾಸ್ತರರ ಹತ್ತಿರ ಕೇಳಿ ನೋಡುವುದು ಒಳ್ಳೆಯದು. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಆಗುತ್ತದೆ. ಆದರೆ ಅದು ದೂರವಿದ್ದು, ನಾಲ್ಕು ವರ್ಷದ ಮಗು ಮಳೆಗಾಲದಲ್ಲಿ ದಿನಾ ಬಸ್ಸಲ್ಲಿ ಅಷ್ಟು ದೂರ ಹೋಗಿ ಬರಬೇಕಾದರೆ, ಊರಿನ ಅಂಗನವಾಡಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಆಟದ ಕ್ಲಾಸು ಎಂದರೆ ಮಕ್ಕಳನ್ನು ಸುಮ್ಮನೆ ಬಿಟ್ಟುಬಿಡುವುದಲ್ಲ. ಗೊಂಬೆ ಮತ್ತು ಅಡುಗೆಯಾಟಕ್ಕೆ ಒಂದು ಮೂಲೆ, ಮರದ ತುಂಡು ಜೋಡಿಸಿ ಕಟ್ಟಲು ಒಂದು, ಪುಸ್ತಕಕ್ಕೆ ಒಂದು, ಮಣ್ಣು-ಬಣ್ಣಕ್ಕೆ ಒಂದು. ಒಂದು ಮೂಲೆಗೆ ನಾಲ್ಕೈದು ಮಕ್ಕಳು ಸಾಕು. ಮಧ್ಯೆ ಎಬ್ಬಿಸದೆ ಮುಕ್ಕಾಲು ಗಂಟೆಯಾದರೂ ಬಿಡಬೇಕು, ಯಾಕೆಂದರೆ ಮೊದಲ ಕಾಲು ಗಂಟೆ ಯಾರು ಅಮ್ಮ, ಯಾರು ಅಂಗಡಿಯವರು ಎಂಬ ಜಗಳದಲ್ಲೇ ಹೋಗುತ್ತದೆ. ಆ ಜಗಳ ಬಿಡಿಸಿಕೊಳ್ಳುವಾಗಲೇ ಮಗು ಉದ್ದುದ್ದ ವಾಕ್ಯ ಹೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಮೂಲೆ ಬದಲಿಸುವ ಕಡೆ ಈ ಮಾತು ಹುಟ್ಟುವುದೇ ಇಲ್ಲ.

ಎಣಿಕೆಗೆ ಚೆನ್ನೆಮಣೆಗಿಂತ ಒಳ್ಳೆ ಸಾಧನ ನಮಗೆ ಗೊತ್ತಿಲ್ಲ. ಹದಿನಾಲ್ಕು ಗುಳಿಗೂ ಮೊದಲು ಒಂದೊಂದೇ ಹುಣಸೆ ಬೀಜ ಹಾಕಿಸಿ; ಒಂದು ಗುಳಿಗೆ ಒಂದು ಬೀಜ ಎಂಬುದು ಕೈಗೆ ಹತ್ತಿದ ಮೇಲೆ ಎರಡು, ಮೂರು. ಗುಲಗಂಜಿ ಮಾತ್ರ ಬೇಡವೇ ಬೇಡ, ಅಗಿದು ನುಂಗಿದರೆ ಅದು ಕಡು ವಿಷ. ಮೂಗಿಗೆ, ಕಿವಿಗೆ ಬೀಜ ತೂರಿಸಿಕೊಳ್ಳುವ ಮೂರು ವರ್ಷದವರಿಗೆ ಹುಣಸೆ ಬೀಜವನ್ನೂ ಕೊಡಬಾರದು.

ನಮ್ಮ ಮಳೆಗೆ ಸಾಮಾನಿನದ್ದೇ ದೊಡ್ಡ ತಲೆನೋವು. ಮಕ್ಕಳು ಗೊಂಬೆ ಮಾಡಿ ಆಡುವ, ಉಪ್ಪು ಹಾಕಿದ ಹಿಟ್ಟಿನ ಮುದ್ದೆ ಆಗುಂಬೆ ಕಡೆಯ ಜುಲೈನಲ್ಲಿ ನೀರು ಎಳೆದುಕೊಂಡು ಅಂಟಂಟಾಗುತ್ತದೆ. ಎರಡು ಲೋಟ ಹಿಟ್ಟಿಗೆ ಒಂದು ಲೋಟದ ಬದಲು ಅರ್ಧ ಲೋಟ ಉಪ್ಪು, ಎರಡು ಚಮಚ ಎಣ್ಣೆ ಹಾಕಿ ಅವತ್ತಿಗೆ ಬೇಕಾದಷ್ಟೇ ಕಲಸಬೇಕು. ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸುವಾಗ ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಬಿಟ್ಟು ಕತ್ತರಿಸದಿದ್ದರೆ ಅಂಚಿನಿಂದ ತೇವ ಹೊಕ್ಕು ಬೂಸ್ಟು ಬರುತ್ತದೆ. ಚೆನ್ನಾಗಿ ಒಣಗಿದ ಅಡಿಕೆ ಹಾಳೆಯ ಮೇಲೆ ರಾಗಿ ಹರಡಿದರೆ ಬೆರಳಲ್ಲಿ ಗೆರೆ ಎಳೆಯಲು ಒಳ್ಳೆ ತಟ್ಟೆ.

ಇನ್ನು ಬರವಣಿಗೆ. ಯುಕೆಜಿ ಮಗುವಿಗೆ ಎರಡು ಪುಟ ಕಾಪಿ ಬರೆಸಿದರೆ ಪಾಲಕರಿಗೆ ಸಮಾಧಾನ, ಮಗುವಿನ ಬೆರಳಿಗೆ ಮಾತ್ರ ನೋವು. ಹೂ ಪೋಣಿಸುವುದು, ಮಣ್ಣು ನಾದುವುದು, ಕಾಗದ ಹರಿಯುವುದು ಪೆನ್ಸಿಲ್ಲಿಗಿಂತ ಮೊದಲು ಬರಬೇಕು. ಒಂದನೇ ಕ್ಲಾಸಿನ ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ) ಅಕ್ಷರ ಶುರುವಾಗುವುದು ಅ, ಆ, ಇ ಎಂದಲ್ಲ; ರ, ಗ, ಸ, ದ, ಅ ಎಂದು. ಬರೆಯಲು ಸುಲಭ, ಜತೆಗೆ ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮನೆಯಲ್ಲಿ ಮುಂಚೆಯೇ ವರ್ಣಮಾಲೆ ಉರುಹೊಡೆಸಿದ ಮಗು ಸರಾಗವಾಗಿ ಹೇಳುತ್ತದೆ, ನಡುವಿನ ಒಂದು ಅಕ್ಷರ ತೋರಿಸಿದರೆ ಮತ್ತೆ ಮೊದಲಿಂದ ಹೇಳಿಕೊಂಡು ಬರುತ್ತದೆ. ಇಂಗ್ಲಿಷ್ ಅಕ್ಷರದ್ದೂ ಇದೇ ಕಥೆ.

ಭಾಷೆಯ ವಿಚಾರ ಮಲೆನಾಡಿನಲ್ಲಿ ಕನ್ನಡವೋ ಇಂಗ್ಲಿಷೋ ಎಂಬಷ್ಟು ಸರಳವಲ್ಲ. ಒಂದೇ ಕ್ಲಾಸಿನಲ್ಲಿ ಹವ್ಯಕ, ಕೊಂಕಣಿ, ಉರ್ದು, ಬ್ಯಾರಿ, ಲಂಬಾಣಿ ಮನೆಮಾತಿನ ಮಕ್ಕಳು ಕೂತಿರಬಹುದು. ಭದ್ರಾವತಿ ಕಡೆ ತಮಿಳೂ ಸೇರುತ್ತದೆ. ‘ಯಂಗೆ ಬ್ಯಾಡ’ ಎಂದ ಮಗುವಿಗೆ ‘ಹಾಗಲ್ಲ, ನನಗೆ ಬೇಡ ಅನ್ನು’ ಎಂದು ನಾಲ್ಕು ಸಲ ತಿದ್ದಿದರೆ ಐದನೇ ಸಲ ಅದು ತಲೆ ಅಲ್ಲಾಡಿಸಿ ಸುಮ್ಮನಾಗುತ್ತದೆ. ತಿದ್ದುವ ಬದಲು ‘ನಿನಗೆ ಬೇಡವಾ? ಹಾಗಾದರೆ ಏನು ಬೇಕು?’ ಎಂದು ಮಾತು ಮುಂದುವರಿಸುವ ಟೀಚರ್ ಸಿಕ್ಕರೆ ಆ ಶಾಲೆಯನ್ನು ಬಿಡಬೇಡಿ.

2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ. ಒಂದನೇ ಕ್ಲಾಸಿಗೆ ಅಲ್ಲಿಗೆ ಹಾಕುವ ಮನಸ್ಸಿದ್ದರೂ ಈ ಎರಡು ವರ್ಷ ಇಂಗ್ಲಿಷ್ ಕಿವಿಗೆ ಬಿದ್ದರೆ ಸಾಕು. ದಿನಕ್ಕೆ ಹದಿನೈದಿಪ್ಪತ್ತು ನಿಮಿಷ, ಕುಣಿತದ ಜತೆ ಒಂದು ಹಾಡು, ‘ಕಮ್’, ‘ಸಿಟ್’, ‘ಗಿವ್ ಮಿ’ ಎಂಬಂಥ ಮಾತಿಗೆ ಮೈ ಅಲುಗಿಸುವ ಆಟ. ಬಾಲಕ್ಕೊಂದು ಇಂಗ್ಲಿಷ್ ಪದ ಸಿಕ್ಕಿಸಿದ ಕನ್ನಡ ವಾಕ್ಯ ಎರಡು ಭಾಷೆಯನ್ನೂ ಕಲಿಸುವುದಿಲ್ಲ. ಕಥೆ, ಜಗಳ, ಅಳು ಸಮಾಧಾನ ಎಲ್ಲ ಮಗುವಿಗೆ ತಿಳಿಯುವ ಭಾಷೆಯಲ್ಲೇ ಆಗಬೇಕು.

ಶಾಲೆ ನೋಡಲು ದಾಖಲಾತಿ ದಿನ ಹೋಗಬೇಡಿ, ಸೇರಿಸುವ ಮುಂಚಿನ ಜನವರಿ-ಫೆಬ್ರವರಿಯ ಸಾಮಾನ್ಯ ದಿನ ಬೆಳಗ್ಗೆ ಹೋಗಿ. ಆಟಿಕೆ ಬೀರುವಿನ ಬೀಗದಲ್ಲಿದೆಯೋ, ಮಕ್ಕಳ ಕೈಗೆಟಕುವಲ್ಲಿದೆಯೋ ನೋಡಿ. ಎಲ್ಲ ಮಕ್ಕಳ ಚಿತ್ರವೂ ಒಂದೇ ಥರ ಇದ್ದರೆ ಅದು ಟೀಚರ್ ಬರೆದು ಮಕ್ಕಳು ಬಣ್ಣ ತುಂಬಿದ್ದು. ಶೌಚಾಲಯಕ್ಕೆ ಮಗು ಮಳೆಯಲ್ಲಿ ನೆನೆಯದೆ ಹೋಗಬಹುದೇ, ಕರೆದೊಯ್ಯಲು ಆಯಾ ಇದ್ದಾರೆಯೇ, ಅತಿಥಿ ಶಿಕ್ಷಕಿ ಆದರೆ ಮುಂದಿನ ವರ್ಷವೂ ಇರುತ್ತಾರೆಯೇ ಎಂದು ಎಸ್‌ಡಿಎಂಸಿಯವರನ್ನೇ (ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಕೇಳಿ.