ಯಾಜಕಕಾಂಡದಲ್ಲಿ ಕೆಟ್ಟು ನಿಂತ ಗಾಡಿ

ಭಾನುವಾರ, 8 ಫೆಬ್ರವರಿ 2026

ಚರ್ಚಿನಲ್ಲಿ ಆರಾಧನೆ ಮುಗಿದು ಎಲ್ಲರ ಕೈಯಲ್ಲೂ ಚಹಾದ ಲೋಟ. ನರ್ಸಿಂಗ್ ಓದುವ ಹುಡುಗಿ ಪಕ್ಕಕ್ಕೆ ಬಂದು ನಿಂತು, "ಆಂಟಿ, ಈ ವರ್ಷನೂ ನಂದು ಯಾಜಕಕಾಂಡದಲ್ಲೇ ನಿಂತೋಯ್ತು" ಅಂದಳು. ಸತ್ಯವೇದದ ಮೂರನೇ ಪುಸ್ತಕ ಅದು; ಎಷ್ಟನೇ ಅಧ್ಯಾಯ ಅಂದರೆ 13. ಯಾಜಕ ಕುಷ್ಠವನ್ನು ಪರೀಕ್ಷಿಸುವ ಭಾಗ: ಮಚ್ಚೆ, ಬಿಳಿ ಕೂದಲು, ಏಳು ದಿನ ಬೇರೆ ಇಡುವುದು. "ಸ್ಕಿನ್ ವಾರ್ಡಲ್ಲಿ ಡ್ಯೂಟಿ ಮಾಡಿ ಬಂದು ಮತ್ತೆ ಅದನ್ನೇ ಓದೋದಾ?"

ನಗು ಬಂತು. ಮನೆಗೆ ಬಂದು ಲೆಕ್ಕ ಹಾಕಿದರೆ ತಪ್ಪೆಲ್ಲ ವರ್ಷದೊಳಗೆ ಇಡೀ ಸತ್ಯವೇದ ಓದಿ ಮುಗಿಸುವ ಆ ಹೊಸವರ್ಷದ ಪಟ್ಟಿಯದ್ದೇ. 66 ಪುಸ್ತಕ, 1,189 ಅಧ್ಯಾಯ; ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು ಚಿಲ್ಲರೆ. (ಕಥೋಲಿಕರ 73 ಪುಸ್ತಕಕ್ಕೆ ಇನ್ನೂ ಹೆಚ್ಚು.) ಜನವರಿ 1ಕ್ಕೆ ಆದಿಕಾಂಡದಿಂದ ಹೊರಟು ದಿನಕ್ಕೆ ಮೂರರಂತೆ ಓದಿದವರು 25ನೇ ತಾರೀಖಿಗೆ ಎರಡನೇ ಪುಸ್ತಕ ವಿಮೋಚನಕಾಂಡದ 25ನೇ ಅಧ್ಯಾಯಕ್ಕೆ ಬರುತ್ತಾರೆ. ಕಥೆ ಅಲ್ಲಿ ನಿಂತು ಅಳತೆ ಶುರು: ದೇವರ ಆಜ್ಞೆಗಳನ್ನಿಡುವ ಪೆಟ್ಟಿಗೆ, ಅಂದರೆ ಮಂಜೂಷದ ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ. ನಡುವೆ ಚಿನ್ನದ ಕರುವಿನ ಪ್ರಸಂಗ ಸ್ವಲ್ಪ ಉಸಿರು ಕೊಡುತ್ತದೆ. 31ಕ್ಕೆ ಯಾಜಕಕಾಂಡ, ಫೆಬ್ರವರಿ 4ಕ್ಕೆ ಈ 13. ಒಂದು ದಿನ ತಪ್ಪಿದರೆ ಮರುದಿನ ಆರು, ಎರಡು ದಿನ ತಪ್ಪಿದರೆ ಒಂಬತ್ತು. ಬಡ್ಡಿ ಸಾಲದ ಹಾಗೆ. ತೀರಿಸಲಾಗದವರು ಪುಸ್ತಕವನ್ನೇ ಮುಚ್ಚಿಡುತ್ತಾರೆ.

ಅವಳಿಗೆ ಹೇಳಿದ್ದು ಇಷ್ಟು. 18ಕ್ಕೆ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ದಿನ. ಅಲ್ಲಿಂದ ಈಸ್ಟರಿನ ಹಿಂದಿನ ದಿನದವರೆಗೆ ಭಾನುವಾರ ಬಿಟ್ಟರೆ 40 ದಿನ. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಗೆ 16 ಅಧ್ಯಾಯ. ದಿನಕ್ಕೆ ಹದಿನೈದು, ಹದಿನೇಳು ವಚನ, ಅಷ್ಟೇ. ತಪ್ಪಿದ ದಿನವನ್ನು ಭಾನುವಾರ ಓದಬಹುದು. ಅದಕ್ಕೂ ಆಗದಿದ್ದರೆ ನಿಂತಲ್ಲಿಂದಲೇ ಮುಂದೆ. ಬಾಕಿ ತೀರಿಸಲು ಕೂರಬಾರದು.

ಹೊತ್ತು ಯಾವುದು ಅಂತ ಕೇಳಿದಳು. ಅವಳಿಗೆ ಶಿಫ್ಟ್ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಬೆಳಿಗ್ಗೆ ಐದೂವರೆ ಅಂತ ಗಡಿಯಾರ ನೋಡಿ ಗೊತ್ತುಮಾಡಿದರೆ ವಾರಕ್ಕೇ ಕೆಡುತ್ತದೆ. ಎದ್ದ ಮೇಲಿನ ಮೊದಲ ಕಾಫಿಗೆ ಅದನ್ನು ಗಂಟುಹಾಕಬೇಕು, ಆ ಕಾಫಿ ಮಧ್ಯಾಹ್ನ ಎರಡಕ್ಕೇ ಇರಲಿ. ಇಪ್ಪತ್ತು ನಿಮಿಷ ಸಾಕು. ಮೊಬೈಲ್ ಬೇಡ. ಆ್ಯಪ್ ಓದಿಸುತ್ತದೆ ನಿಜ, ಆದರೆ ಎರಡನೇ ವಚನಕ್ಕೇ ವಾಟ್ಸ್ಆ್ಯಪ್ ಮೇಲಿಂದ ಇಣುಕುತ್ತದೆ.

ಪೆನ್ನಿನ ವಿಷಯ ಮರೆತೆ. ಸತ್ಯವೇದದ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೆಲ್ ಪೆನ್ನು, ಹೈಲೈಟರ್ ಎರಡೂ ಹಿಂದಿನ ಪುಟಕ್ಕೆ ಇಳಿಯುತ್ತವೆ. ಪೆನ್ಸಿಲ್, ಇಲ್ಲವೇ ಬಣ್ಣದ ಪೆನ್ಸಿಲ್. ಉಳಿದದ್ದೆಲ್ಲ ನೋಟ್‌ಬುಕ್ಕಿಗೆ: ಎಡಪುಟದಲ್ಲಿ ಕಂಡದ್ದು ಮಾತ್ರ, ಬಲಪುಟದಲ್ಲಿ ಪ್ರಶ್ನೆ. ಬಹಳ ಜನ ಎಡವುವುದು ಇಲ್ಲೇ. ಓದಿದ ತಕ್ಷಣ "ಇದರಿಂದ ನನಗೇನು ಪಾಠ" ಅಂತ ಬರೆಯಲು ಹೊರಟು, ಅಲ್ಲಿ ಏನಿದೆ ಅಂತ ನೋಡುವುದೇ ಇಲ್ಲ. ಹತ್ತು ದಿನವಾದ ಮೇಲೆ ತಿರುಗಿಸಿದರೆ ಎಲ್ಲ ಪುಟದಲ್ಲೂ ಒಂದೇ ಪಾಠ: ನಂಬಿಕೆಯಿಂದಿರಬೇಕು.

ಚಹಾ ಆರುತ್ತಿದ್ದರೂ ಮಾರ್ಕ 1:40-45 ತೆಗೆಸಿದೆ. ಆರು ವಚನ, ಮತ್ತೆ ಕುಷ್ಠರೋಗಿಯೇ. ಮೊದಲು ಎರಡು ಸಲ ಗಟ್ಟಿಯಾಗಿ ಓದು ಅಂದೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಕೈಯಲ್ಲಿ ಇಡೀ ಸತ್ಯವೇದ ಕನ್ನಡಕ್ಕೆ ಬಂದದ್ದು 1831ರಲ್ಲಿ. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ, ಆದರೂ ಹಳೇ ಅನುವಾದದ ಉದ್ದ ವಾಕ್ಯಗಳು ಬಾಯಿಬಿಟ್ಟು ಓದಿದರೇನೇ ಬಿಡಿಸಿಕೊಳ್ಳುವುದು. ಆಮೇಲೆ ಕ್ರಿಯಾಪದಗಳಿಗೆ ಮಾತ್ರ ಗೆರೆ. ಯೇಸು ಕನಿಕರಪಡುತ್ತಾನೆ, ಕೈ ಚಾಚುತ್ತಾನೆ, ಮುಟ್ಟುತ್ತಾನೆ, ಆಮೇಲೆ ಮಾತಾಡುತ್ತಾನೆ. "ಅಯ್ಯೋ, ವಾಸಿಯಾಗೋಕೆ ಮುಂಚೇನೇ ಮುಟ್ಟಿದಾನೆ!" ಅಂದಳು. ಗ್ಲೌಸ್ ಇಲ್ಲದೆ ಅಂತ ಅವಳೇ ಸೇರಿಸಿದಳು. ಎಡಪುಟ ಅಂದರೆ ಇದು.

ಬಲಪುಟಕ್ಕೆ 44ನೇ ವಚನ. ಯಾಜಕನಿಗೆ ತೋರಿಸಿಕೋ, ಮೋಶೆ ಆಜ್ಞಾಪಿಸಿದ್ದನ್ನು ಅರ್ಪಿಸು. ಮೋಶೆ ಏನು ಆಜ್ಞಾಪಿಸಿದ್ದ? ಆಧಾರವಚನಗಳು, ಅಂದರೆ ಸಂಬಂಧಪಟ್ಟ ಬೇರೆ ವಚನಗಳ ಸೂಚನೆ, ಇರುವ ಪ್ರತಿಯಾದರೆ ಅದೇ ತೋರಿಸುತ್ತದೆ: ಯಾಜಕಕಾಂಡ 14. ಅವಳು ಓದಲಾಗದೆ ಬಿಟ್ಟಲ್ಲಿಂದ ಒಂದೇ ಅಧ್ಯಾಯ ಮುಂದೆ. ಎರಡು ಪಕ್ಷಿ, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪ್ ಗಿಡ. ಒಂದನ್ನು ಕೊಂದು, ಇನ್ನೊಂದನ್ನು ಆ ರಕ್ತದಲ್ಲಿ ಅದ್ದಿ ಬಯಲಿಗೆ ಹಾರಿಬಿಡುವುದು. ಎಂಟನೇ ದಿನ ಮೂರು ಕುರಿ. ಬಡವನಾದರೆ ಒಂದೇ ಕುರಿ, ಎರಡು ಪಾರಿವಾಳ. ಪಟ್ಟಿ ಹಿಡಿದು ಓಡುವಾಗ ಇದೆಲ್ಲ ಬರೀ ಸಾಮಾನಿನ ಚೀಟಿ.

ಅಂದಹಾಗೆ ಇವತ್ತು ನಾವು ಕುಷ್ಠ ಅನ್ನುವ ಕಾಯಿಲೆಯೇ ಅಲ್ಲಿರುವುದು ಅಂದುಕೊಳ್ಳಬಾರದು. ಅದೇ ಹೀಬ್ರೂ ಪದವನ್ನು ಬಟ್ಟೆಗೂ ಮನೆಯ ಗೋಡೆಗೂ ಹೇಳಿದೆ. ವ್ಯಾಖ್ಯಾನ ಪುಸ್ತಕ ಬೇಕಾಗುವುದು ಇಂಥ ಕಡೆ, ಅದೂ ಪ್ರಶ್ನೆ ಬರೆದಿಟ್ಟುಕೊಂಡ ಮೇಲೆ. ಮೊದಲೇ ತೆರೆದರೆ ಬಲಪುಟ ಖಾಲಿ ಉಳಿಯುತ್ತದೆ.

ಪಾತ್ರೆ ತೊಳೆದು ಬಂದು ನೋಡಿದರೆ ಅವಳ ಮೆಸೇಜು, ರಾತ್ರಿ 9:40ಕ್ಕೆ. "ಆಂಟಿ, 14:3 ನೋಡಿ. ರೋಗಿ ಒಳಗೆ ಬರೋ ಹಾಗಿಲ್ಲ, ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಮಾರ್ಕದಲ್ಲಿ ಕೊನೆಗೆ ಯೇಸುವೇ ಊರೊಳಗೆ ಹೋಗೋಕಾಗದೆ ಹೊರಗೇ ಉಳೀತಾನಲ್ಲ, ಅದಕ್ಕೂ ಇದಕ್ಕೂ..."

ಅಷ್ಟಕ್ಕೇ ನಿಲ್ಲಿಸಿದ್ದಾಳೆ. ನೈಟ್ ಡ್ಯೂಟಿ ಇರಬೇಕು. 14:3 ನನ್ನ ಪ್ರತಿಯಲ್ಲಿ ಒಂದು ಗೆರೆಯೂ ಇಲ್ಲದೆ ಬಿಳಿಚಿಕೊಂಡಿದೆ, ಮತ್ತೆ ಈ ಪೆನ್ಸಿಲ್ ಎಲ್ಲಿಟ್ಟೆನೋ