ಲಾ ರೊಟೊಂಡಾ: ಮೂಲೆಗಳನ್ನು ದಿಕ್ಕಿಗೆ ಕೊಟ್ಟ ಮನೆ

ನಾನು ಕಟ್ಟಡಗಳ ನಕ್ಷೆ ಬರೆದು ಬದುಕುವವಳು. ಹಾಗಾಗಿ ಇಟಲಿಯ ವಿಚೆಂಜಾ ಊರಿನ ಹೊರವಲಯದ ಗುಡ್ಡದ ಮೇಲಿರುವ ಲಾ ರೊಟೊಂಡಾದ ಸಮರೂಪತೆಯನ್ನು ಎಲ್ಲರೂ ಕೊಂಡಾಡುವಾಗ ನನಗೆ ಅಷ್ಟೇನೂ ರೋಮಾಂಚನವಾಗುವುದಿಲ್ಲ. ಅರ್ಧ ಬರೆದು ಉಳಿದರ್ಧವನ್ನು ಮಗುಚಿ ಹಾಕಲು ಯಾರಿಗಾದರೂ ಬರುತ್ತದೆ. ಗುಡ್ಡ ಹತ್ತಿ ನಿಂತಾಗ ನನಗೆ ಹಿಡಿಸಿದ್ದು ಆ ಮನೆ ಓರೆಯಾಗಿ ನಿಂತ ಬಗೆ. ಅದರ ನಾಲ್ಕು ಮೂಲೆಗಳು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕಿವೆ. ಮುಖಮಂಟಪಗಳು ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯಕ್ಕೆ. ಯಾವ ಕೋಣೆಯೂ ಇಡೀ ದಿನ ಬಿಸಿಲಿಲ್ಲದೆ ಉಳಿಯುವುದಿಲ್ಲ. ಒಂದೊಂದು ಮಂಟಪಕ್ಕೂ ಆರು ಅಯೋನಿಕ್ (ತಲೆಯಲ್ಲಿ ಸುರುಳಿಯಿರುವ) ಕಂಬಗಳು; ಅಮೃತಶಿಲೆಯಂತೆ ಕಂಡರೂ ಒಳಗಿರುವುದು ಇಟ್ಟಿಗೆ, ಮೇಲೆ ನುಣುಪಾದ ಗಾರೆ.

ಪೋಪರ ಆಸ್ಥಾನದಲ್ಲಿ ದುಡಿದು ಊರಿಗೆ ಮರಳಿದ ಪಾದ್ರಿ ಪಾವೊಲೊ ಅಲ್ಮೆರಿಕೊಗಾಗಿ ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾಡಿಯೊ ಇದನ್ನು 1560ರ ದಶಕದಲ್ಲಿ ರೂಪಿಸಿದ. ನಾಲ್ಕೂ ಕಡೆ ನೋಟ ಚೆನ್ನಾಗಿದೆ, ಆದ್ದರಿಂದ ನಾಲ್ಕೂ ಕಡೆ ಮಂಟಪ ಎಂಬುದು ಅವನ ತರ್ಕ. 1570ರ ತನ್ನ ಗ್ರಂಥದಲ್ಲಿ ಇದನ್ನು ಹಳ್ಳಿಮನೆಗಳ ಜೊತೆ ಸೇರಿಸದೆ, ಊರಿಗೆ ಅಷ್ಟು ಹತ್ತಿರವಿದೆಯೆಂದು ನಗರದ ಅರಮನೆಗಳ ಸಾಲಿನಲ್ಲಿಟ್ಟ. ಮುಗಿದ ಮನೆಯನ್ನು ಅವನು ನೋಡಲಿಲ್ಲ, 1580ರಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ವಿಂಚೆಂಜೊ ಸ್ಕಾಮೊಟ್ಸಿ ಗುಮ್ಮಟವನ್ನು ತಗ್ಗಿಸಿದ. ಗ್ರಂಥದಲ್ಲಿರುವ ಅರ್ಧಗೋಳ ಕಾಗದದ ಮೇಲೆ ಚೆಂದ. ಈ ಗುಡ್ಡಕ್ಕೆ ಒಪ್ಪುವುದು ಸ್ಕಾಮೊಟ್ಸಿಯದೇ ಎನ್ನುವುದು ನನ್ನ ಹಟ.

1786ರಲ್ಲಿ ಇಲ್ಲಿಗೆ ಬಂದ ಜರ್ಮನ್ ಕವಿ ಗಯಟೆ, ಇಲ್ಲಿ ವಾಸಿಸಬಹುದು, ಆದರೆ ಮನೆಯೆನಿಸುವುದಿಲ್ಲ ಎಂಬರ್ಥದಲ್ಲಿ ಬರೆದ. ನಡುವಿನ ವೃತ್ತಾಕಾರದ ಸಭಾಂಗಣದಲ್ಲಿ, ಗೋಡೆಯ ಮೇಲಿನ ದೈತ್ಯ ಪೌರಾಣಿಕ ಚಿತ್ರಗಳ ನಡುವೆ ನಿಂತರೆ ಅವನ ಮಾತನ್ನು ಅಲ್ಲಗಳೆಯುವುದು ಕಷ್ಟ. ಒಂದು ಕುರ್ಚಿ ಹಾಕಿದರೂ ಅದು ದಾರಿಗೆ ಅಡ್ಡವೇ.

ಅಲ್ಮೆರಿಕೊನ ಮಗ (ಹೌದು, ಪಾದ್ರಿಯ ಮಗ) ಈ ಆಸ್ತಿಯನ್ನು 1591ರಲ್ಲಿ ಕಾಪ್ರಾ ಸೋದರರಿಗೆ ಮಾರಿದ. ಆ ಮನೆತನದವನೊಬ್ಬ ಮಂಟಪಗಳ ಮೇಲೆ ಲ್ಯಾಟಿನ್ ಶಾಸನ ಬರೆಸಿದ್ದಾನೆ. ಒಂದೇ ವಾಕ್ಯ ನಾಲ್ಕೂ ಮುಖಗಳಲ್ಲಿ ಹಂಚಿಹೋಗಿದೆ. ಓದಬೇಕೆಂದರೆ ಮನೆಗೆ ಪೂರ್ತಿ ಒಂದು ಸುತ್ತು ಹಾಕಬೇಕು. ಬಳಸಿ ಬಂದು ಓದಿದರೆ ಸಿಗುವುದೇನು? ಈ ಮನೆ, ಹೊಲ, ಕಣಿವೆ, ಹೆದ್ದಾರಿಯಾಚೆಗಿನ ಗುಡ್ಡಗಳು, ಎಲ್ಲವೂ ಹಿರಿಯ ಮಗನ ಸಾಲಿಗೇ ಸೇರತಕ್ಕದ್ದು ಎಂಬ ಕಟ್ಟಾಜ್ಞೆ. 1912ರಿಂದ ಮನೆ ವಾಲ್ಮರಾನಾ ಕುಟುಂಬದ ಕೈಯಲ್ಲಿದೆ. ಶಾಸನವನ್ನು ಅವರು ಅಳಿಸಿಲ್ಲ.