ತಾಳೆಯಾಗದ ಲೆಕ್ಕಕ್ಕೆ ಜಗಳದ ಹೆಸರು

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದ ಕಾಫಿಯನ್ನು ಹೊಟ್ಟು ತೆಗೆದು ವಿಂಗಡಿಸುವ ಕಡೆ, ಮೇಲ್, ಔಟ್‌ಟರ್ನ್ ರಿಪೋರ್ಟ್ (ಬಂದ ಕಾಫಿಯಲ್ಲಿ ಎಷ್ಟು ಬೀಜ ಸಿಕ್ಕಿತು ಎನ್ನುವ ಲೆಕ್ಕ) ಎಲ್ಲ ನೋಡಿಕೊಳ್ಳುವುದು ನಾನೇ. ಜನವರಿಯಲ್ಲಿ ಆಲ್ದೂರು ಕಡೆಯ ಗೌಡರೊಬ್ಬರ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಇನ್ನೂ ತೆಗೆಯದ ಕಾಫಿ ಬೀಜ, ಬಂತು. ಮಾಯಿಶ್ಚರ್ (ತೇವಾಂಶ) ಶೇ 10 ಇರಬೇಕು. ಅವರ ಮೀಟರ್‌ನಲ್ಲಿ 10, ನಮ್ಮದರಲ್ಲಿ 11.5. ಇಷ್ಟೇ ವಿಷಯ. ಬೆಂಗಳೂರಿನ ಬೈಯರ್‌ಗೆ ಮೇಲ್ ಹಾಕುವಾಗ ನಾನು ‘ಪ್ಲಾಂಟರ್ ಅಂಡ್ ಯಾರ್ಡ್ ಆರ್ ಅಟ್ ಲಾಗರ್‌ಹೆಡ್ಸ್’ ಎಂದು ಬರೆದೆ. ಯಾರ್ಡ್ ಅಂದರೆ ನಾವು. ಪೇಪರ್‌ನಲ್ಲಿ ಓದಿದ್ದ ಮಾತು. ಸಣ್ಣ ಭಿನ್ನಾಭಿಪ್ರಾಯಕ್ಕೆ ಹಾಗನ್ನುತ್ತಾರೆ ಅಂದುಕೊಂಡಿದ್ದೆ.

ಬೈಯರ್ ಲಾಟ್ ಹೋಲ್ಡ್ ಮಾಡಿ, ಆ ಮೇಲನ್ನು ಗೌಡರಿಗೂ ಕಳಿಸಿದರು.

ಮಧ್ಯಾಹ್ನ ಗೌಡರು ಬಂದರು. ಕೂರಲಿಲ್ಲ. ಫೋನ್ ನನ್ನ ಮೇಜಿನ ಮೇಲಿಟ್ಟು, “ಏನಪ್ಪಾ, ನಿಮ್ಮ ಹತ್ರ ನಾನ್ಯಾವಾಗ ಜಗಳಕ್ಕೆ ಬಂದಿದ್ದೆ? ಅಪ್ಪನ ಕಾಲದಿಂದ ಇಲ್ಲಿಗೇ ಕಾಫಿ ಹಾಕ್ತಿದ್ದೀವಿ. ನಾವೇನು ಎಣ್ಣೆ ಸೀಗೆಕಾಯಿನಾ?” ಅಂದರು.

“ಹಾಗಲ್ಲ ಗೌಡ್ರೇ, ಇಂಗ್ಲಿಷಲ್ಲಿ ಸುಮ್ನೆ ಹಾಗೆ ಬರೀತಾರೆ” ಎಂದೆ.

ಮೇಲ್‌ಗಿಂತ ದೊಡ್ಡ ತಪ್ಪು ಅದು. ಅವರ ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾರೆ. ಅರ್ಥ ಕೇಳಿಕೊಂಡೇ ಬಂದಿದ್ದರು. ಅವರು ಮತ್ತೆ ಮಾತಾಡಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಪಕ್ಕದ ಶೆಡ್‌ನಿಂದ ಬೀಜ ವಿಂಗಡಿಸುವ ಗ್ರೇಡರ್ ಶಬ್ದ ಮಾತ್ರ ಬರುತ್ತಿತ್ತು, ಆಫೀಸಿನಲ್ಲಿ ಯಾರೂ ತಲೆ ಎತ್ತಲಿಲ್ಲ, ‘ತಪ್ಪಾಯ್ತು’ ಎನ್ನುವ ಒಂದು ಮಾತು ಆಗ ನನ್ನ ಬಾಯಿಂದ ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ. ಕೊನೆಗೆ ಮ್ಯಾನೇಜರ್ ಬಂದು ಅವರನ್ನು ಒಳಗೆ ಕರೆದುಕೊಂಡು ಹೋದರು.

ರಾತ್ರಿ ಡಿಕ್ಷನರಿ ತೆಗೆದೆ. ಲಾಗರ್‌ಹೆಡ್ ಅಂದರೆ ಹಿಂದೆ ದಡ್ಡ, ಮರದ ತಲೆಯವನು ಅಂತ. ಹಡಗಿನಲ್ಲಿ ಟಾರು ಕಾಯಿಸಲು ಬಳಸುತ್ತಿದ್ದ, ತುದಿಗೆ ಗುಂಡು ಇರುವ ಉದ್ದ ಕಬ್ಬಿಣದ ಸಲಾಕೆಗೂ ಅದೇ ಹೆಸರು. ಇಬ್ಬರು ಪಟ್ಟು ಬಿಡದೆ ಎದುರುಬದುರು ನಿಂತಾಗ ಆಡುವ ಮಾತು ‘ಅಟ್ ಲಾಗರ್‌ಹೆಡ್ಸ್’. ‘ಅಟ್ ಡ್ಯಾಗರ್ಸ್ ಡ್ರಾನ್’ ಇನ್ನೂ ಜೋರು, ಕತ್ತಿ ಹಿರಿದ ಹಾಗೆ. ‘ಅಟ್ ಆಡ್ಸ್’ ಆದರೆ ಮನುಷ್ಯರಿಗೂ ಸಲ್ಲುತ್ತದೆ, ಅಂಕಿಗಳಿಗೂ ಸಲ್ಲುತ್ತದೆ. ನನಗಾದರೋ ‘ದ ರೀಡಿಂಗ್ಸ್ ಡಿಫರ್’ ಸಾಕಿತ್ತು. ಕನ್ನಡದಲ್ಲಿ ಯೋಚಿಸಿದ್ದರೆ ಲೆಕ್ಕ ತಾಳೆ ಆಗ್ತಿಲ್ಲ ಅಂತಿದ್ದೆ, ಅಲ್ವಾ? ಗೌಡರಿಗೂ ನಮಗೂ ಮನಸ್ತಾಪ ಅಂತ ಬರೆಯಲು ಕೈ ಬರುತ್ತಿರಲಿಲ್ಲ.

ನಮ್ಮ ಮೀಟರ್ ಕ್ಯಾಲಿಬ್ರೇಟ್ ಮಾಡಿಸಿ ಎಂದು ದೀಪಾವಳಿಯಿಂದ ಹೇಳುತ್ತಲೇ ಇದ್ದೆವು. ಇಷ್ಟಾದ ಮೇಲೆ ಮಾಡಿಸಿದರು. ನಮ್ಮದೇ ಜಾಸ್ತಿ ತೋರಿಸುತ್ತಿತ್ತು. ಲಾಟ್ ಬೈಯರ್‌ಗೆ ಹೋಯಿತು. ಮರುವಾರ ನಾನು ಆಲ್ದೂರಿಗೆ ಹೋಗಿ ತಪ್ಪಾಯ್ತು ಎಂದೆ, ಕಾಫಿ ಕೊಟ್ಟು ಕಳಿಸಿದರು. ಈಗಲೂ ನಮ್ಮಲ್ಲಿಗೇ ಲೋಡ್ ಕಳಿಸುತ್ತಾರೆ. ಮಾಯಿಶ್ಚರ್ ಎಷ್ಟು ಬಂತು ಎಂದು ಮಾತ್ರ ಯಾರ್ಡ್ ಮೇಸ್ತ್ರಿಗೆ ಫೋನ್ ಮಾಡಿ ಕೇಳುತ್ತಾರೆ, ನನಗಲ್ಲ.